ಪದಚರ್ಚೆ: ‘ಅಪಘಾತ’ವನ್ನು ಬಿಡಬೇಕೇ? ತಪ್ಪನ್ನು ತಾಳುವ ರಸ್ತೆಗೆ ಏನೆನ್ನೋಣ?

ಪದಚರ್ಚೆಯ ಬಳಗಕ್ಕೆ ಉಡುಪಿಯಿಂದ ನಮಸ್ಕಾರ.

ನಮ್ಮೂರಿನ ಶಾಲೆಯೊಂದರ ಪೋಷಕರಿಗಾಗಿ ರಸ್ತೆ ಸುರಕ್ಷತೆಯ ಕಿರುಹೊತ್ತಗೆ ಬರೆಯುತ್ತಿದ್ದೇನೆ. ಶಾಲೆ ಇರುವುದು ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ. ಬಹಳ ಮಕ್ಕಳು ಹೆದ್ದಾರಿಯನ್ನು ದಾಟಿಯೇ ಬರಬೇಕು. ‘ನೋಡಿಕೊಂಡು ದಾಟಿ’ ಎಂದು ಮಕ್ಕಳಿಗೆ ಹೇಳುವ ಪುಸ್ತಕಗಳು ಈಗಾಗಲೇ ಸಾಕಷ್ಟಿವೆ. ಮಗು ನೋಡದೆ ದಾಟಿದ ದಿನವೂ ಅದು ಸಾಯದಂತೆ ರಸ್ತೆಯನ್ನು ಹೇಗೆ ಕಟ್ಟಬೇಕು ಎಂಬುದನ್ನು ದೊಡ್ಡವರಿಗೆ ಹೇಳುವುದು ನನ್ನ ಉದ್ದೇಶ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಪದಗಳು ಕೈಕೊಟ್ಟವು.

ಮೊದಲ ತಕರಾರು ‘ಅಪಘಾತ’ದ ಮೇಲೆ. ಕರಡನ್ನು ಓದಿದ ಯುವ ಎಂಜಿನಿಯರ್ ಒಬ್ಬರು ಈ ಪದವನ್ನೇ ಕೈಬಿಡಿ ಎಂದರು. ಇಂಗ್ಲಿಷಿನಲ್ಲಿ ‘ಆಕ್ಸಿಡೆಂಟ್’ ಎನ್ನುವುದನ್ನು ಈ ಕ್ಷೇತ್ರದವರು ಬಿಡುತ್ತಾ ಬಂದಿದ್ದಾರೆ, ‘ಕ್ರ್ಯಾಶ್’ ಎನ್ನುತ್ತಾರೆ. ‘ಬ್ರಿಟಿಷ್ ಮೆಡಿಕಲ್ ಜರ್ನಲ್’ 2001ರಲ್ಲೇ ತನ್ನ ಪುಟಗಳಿಂದ ‘ಆಕ್ಸಿಡೆಂಟ್’ ಅನ್ನು ಹೊರಗಿಟ್ಟಿತು. ತಡೆಯಬಹುದಾದದ್ದನ್ನು ವಿಧಿಯ ಆಟವೆಂಬಂತೆ ಆ ಪದ ತೋರಿಸುತ್ತದೆ ಎಂಬುದು ಆಕ್ಷೇಪ. ಆದ್ದರಿಂದ ಕನ್ನಡದಲ್ಲಿ ‘ಡಿಕ್ಕಿ’ ಎನ್ನೋಣ ಎಂಬುದು ಅವರ ಸಲಹೆ.

ನಾನು ಒಪ್ಪಲಿಲ್ಲ. ಆ ಇಂಗ್ಲಿಷ್ ಪದದ ಬೇರು ಲ್ಯಾಟಿನ್ನಿನ ‘ಬಂದೆರಗು, ಒದಗಿಬರು’ ಎಂಬ ಕ್ರಿಯಾಪದದಲ್ಲಿದೆ. ನಮ್ಮ ಪದದ ಬೇರು ಬೇರೆ. ‘ಘಾತ’ ಎಂದರೆ ಹೊಡೆತ, ಸಂಸ್ಕೃತದ ‘ಹನ್’ ಧಾತುವಿಗೆ ಸೇರಿದ್ದು. ಆಘಾತ, ವಿಶ್ವಾಸಘಾತ ಇದರ ಒಡಹುಟ್ಟುಗಳು. ವಿಶ್ವಾಸಘಾತವಾಯಿತು ಎಂದರೆ ಯಾರೂ ಹಣೆಬರಹವನ್ನು ದೂರುವುದಿಲ್ಲ, ಮಾಡಿದವರು ಯಾರು ಎಂದು ಕೇಳುತ್ತಾರೆ. ಅಪಘಾತವೂ ಹಾಗೆಯೇ: ಹೊಡೆತ ಬಿದ್ದಿದೆ, ಹೊಡೆದದ್ದು ಏನು, ಎಷ್ಟು ಬಲವಾಗಿ, ಅದು ಮೈಗೆ ತಾಗುವಂತೆ ಬಿಟ್ಟದ್ದು ಏನು ಎಂಬ ಪ್ರಶ್ನೆಗಳಿಗೆ ಈ ಪದದಲ್ಲೇ ಜಾಗವಿದೆ. ಇಂಗ್ಲಿಷ್ ಪದಕ್ಕೆ ಬಂದ ರೋಗಕ್ಕೆ ಕನ್ನಡ ಪದಕ್ಕೆ ಔಷಧಿ ಕುಡಿಸುವುದೇಕೆ? ‘ಡಿಕ್ಕಿ’ ಎಂದರೆ ಎರಡು ವಸ್ತು ತಾಗಬೇಕು. ಮಳೆಗಾಲದಲ್ಲಿ ಜಲ್ಲಿಯ ಮೇಲೆ ಜಾರಿ ಬಿದ್ದ ಸ್ಕೂಟರ್ ಸವಾರನಿಗೆ ಅದು ಒದಗುವುದಿಲ್ಲ.

ಬಿಡಬೇಕಾದ ಪದವಿದ್ದರೆ ಅದು ‘ಆಕಸ್ಮಿಕ’. ‘ಕಸ್ಮಾತ್’ ಎಂದರೆ ಯಾವುದರಿಂದ, ಏಕೆ. ಅದಕ್ಕೆ ‘ಅ’ ಸೇರಿದರೆ ಕಾರಣವೇ ಇಲ್ಲದ್ದು ಎಂದಾಯಿತು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿಯಲ್ಲಿದೆ. ಇಷ್ಟು ಸಾವುಗಳನ್ನು ಕಾರಣವಿಲ್ಲದ್ದು ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾನು ಅನೇಕ ವರ್ಷ ಪತ್ರಿಕೆಯ ಡೆಸ್ಕಿನಲ್ಲಿದ್ದವನು. ಪೊಲೀಸ್ ಠಾಣೆಯಿಂದ ಬರುವ ವರದಿಯಲ್ಲಿ ‘ದುಡುಕುತನ ಹಾಗೂ ನಿರ್ಲಕ್ಷ್ಯತನದಿಂದ ಚಲಾಯಿಸಿ’ ಎಂಬ ಮಾತು ತಪ್ಪದೆ ಇರುತ್ತಿತ್ತು. ಕಾನೂನಿಗೆ ಆ ಮಾತು ಬೇಕು, ಸರಿ. ನಾನು ಅದನ್ನು ‘ಚಾಲಕನ ನಿಯಂತ್ರಣ ತಪ್ಪಿ’ ಎಂದು ತಿದ್ದಿ ಮೂರು ಸಾಲಿಗೆ ಇಳಿಸಿ ಪುಟಕ್ಕೆ ಕಳುಹಿಸುತ್ತಿದ್ದೆ. ರಸ್ತೆಯಲ್ಲಿ ದೀಪವಿತ್ತೇ, ಡಿವೈಡರ್‌ನಲ್ಲಿ ತೆರಪು ಎಲ್ಲಿತ್ತು, ಬಸ್ಸು ಎರಡು ನಿಲ್ದಾಣಗಳ ನಡುವಿನ ಟೈಮಿಂಗ್‌ಗೆ ಓಡುತ್ತಿತ್ತೇ ಎಂದು ವರದಿಗಾರರನ್ನು ಒಮ್ಮೆಯೂ ಕೇಳಲಿಲ್ಲ. ನಮ್ಮ ಕರಾವಳಿಯ ಬಸ್ಸುಗಳಲ್ಲಿ ಓಡಾಡಿದವರಿಗೆ ‘ಟೈಮಿಂಗ್’ ಎಂಬ ಪದದ ಭಾರ ಗೊತ್ತು. ನಿಮಿಷಗಳ ಲೆಕ್ಕದಲ್ಲಿ ಹಿಂದೊಂದು ಬಸ್ಸು, ಮುಂದೊಂದು ಬಸ್ಸು ಇರುವಾಗ ಚಾಲಕನ ಕಾಲು ತಾನಾಗಿ ಒತ್ತುತ್ತದೆ. ಆ ದುಡುಕು ಅವನೊಬ್ಬನದೇ ಅಲ್ಲ, ವೇಳಾಪಟ್ಟಿ ಬರೆದ ಕೈಯದೂ ಹೌದು. ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಫಲಕ ಆ ಅವಸರವನ್ನು ಹುಟ್ಟಿಸಿದವರು ಯಾರೆಂದು ಹೇಳುವುದಿಲ್ಲ.

ಕಳೆದ ಮಳೆಗಾಲದಲ್ಲಿ ನಮ್ಮ ಕೇರಿಯ ಹಿರಿಯರೊಬ್ಬರು ಹೆದ್ದಾರಿ ದಾಟುವಾಗ ಕಾರು ಬಡಿದು ಕಾಲು ಕಳೆದುಕೊಂಡರು. ನೋಡಲು ಹೋದಾಗ ಅವರ ಹೆಂಡತಿ ನನ್ನಲ್ಲಿ, “ಆ ಜಾಗ ಸರಿ ಇಲ್ಲ ಮಾರಾಯರೇ, ಇದು ಮೂರನೆಯದು” ಎಂದರು. ಜಾಗ ಸರಿ ಇಲ್ಲ ಎಂದಾಗ ನಮ್ಮಲ್ಲಿ ಬೇರೆಯೇ ಒಂದು ಅರ್ಥವೂ ಸುಳಿಯುತ್ತದೆ, ಅವರ ಮನಸ್ಸಿನಲ್ಲಿ ಅದೂ ಇದ್ದಿರಬಹುದು. ಆದರೆ ಈ ವಿಷಯದ ಬಗ್ಗೆ ನಾನು ಓದಿದ ಎಲ್ಲವನ್ನೂ ಆ ಮೂರು ಪದಗಳು ಹೇಳಿಬಿಟ್ಟವು. ಓಡಿಸುವವರು ಬೇರೆ, ದಾಟುವವರು ಬೇರೆ, ಹೊಡೆತ ಮಾತ್ರ ಅಲ್ಲಿಯೇ ಬೀಳುತ್ತದೆ ಎಂದರೆ ಸರಿ ಇಲ್ಲದ್ದು ಜಾಗವೇ. ಹೋಗಿ ನಿಂತು ನೋಡಿದೆ: ಇಳಿಜಾರು ಮುಗಿಯುವಲ್ಲೇ ತಿರುವು, ತಿರುವು ಮುಗಿಯುವಲ್ಲೇ ಡಿವೈಡರ್‌ನ ತೆರಪು, ಅದರ ಎದುರಿಗೆ ಬಸ್ ನಿಲ್ದಾಣ.

ಸರ್ಕಾರದ ಭಾಷೆಯಲ್ಲಿ ಇಂಥದ್ದು ‘ಬ್ಲಾಕ್ ಸ್ಪಾಟ್’. ಸುಮಾರು 500 ಮೀಟರ್ ಉದ್ದದೊಳಗೆ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯವಾದ ಐದು ಅಪಘಾತಗಳು, ಇಲ್ಲವೇ ಹತ್ತು ಸಾವುಗಳು ಆಗಿದ್ದರೆ ಆ ಹೆಸರು ಸಿಗುತ್ತದೆ. ಇದನ್ನು ‘ಕಪ್ಪು ಚುಕ್ಕೆ’ ಎಂದು ಅನುವಾದಿಸಿದ್ದನ್ನು ನೋಡಿದ್ದೇನೆ. ಕನ್ನಡದಲ್ಲಿ ಕಪ್ಪು ಚುಕ್ಕೆ ಇರುವುದು ಮನುಷ್ಯರ ನಡತೆಯಲ್ಲಿ. ‘ಅಪಘಾತ ತಾಣ’ ಎಂದರೆ ಪ್ರವಾಸಿ ತಾಣ ನೆನಪಾಗುತ್ತದೆ. ಫಲಕಗಳಲ್ಲಿರುವ ‘ಅಪಘಾತ ವಲಯ’ವೇ ವಾಸಿ.

‘ಅತಿವೇಗ’ದ ಬಗ್ಗೆಯೂ ಒಂದು ಮಾತು. ಅತಿ ಎಂದರೆ ಯಾವುದಕ್ಕಿಂತ ಅತಿ? ಫಲಕದ ಮೇಲಿನ ಅಂಕಿಗಿಂತ ಎಂದು ನಾವು ತಿಳಿಯುತ್ತೇವೆ. ಮೈ ತಡೆದುಕೊಳ್ಳುವುದಕ್ಕಿಂತ ಎಂಬುದು ಸರಿಯಾದ ಅಳತೆ. ಲೆಕ್ಕ ಹಾಕಿ ನೋಡಿದೆ: ಗಂಟೆಗೆ 30 ಕಿಲೋಮೀಟರ್ ವೇಗ ಎಂದರೆ ಸುಮಾರು ಮೂರೂವರೆ ಮೀಟರ್ ಎತ್ತರದಿಂದ, ಹಂಚಿನ ಮನೆಯ ಮಾಡಿನಿಂದ ಬಿದ್ದು ನೆಲ ಮುಟ್ಟುವಾಗಿನ ವೇಗ. 60 ಎಂದರೆ ಸುಮಾರು 14 ಮೀಟರ್, ಬೆಳೆದ ತೆಂಗಿನ ಮರದ ತಲೆಯಿಂದ ಬಿದ್ದಂತೆ. ವೇಗ ಇಮ್ಮಡಿಯಾದರೆ ಹೊಡೆತದ ಶಕ್ತಿ ನಾಲ್ಮಡಿ. ತೆಂಗಿನ ಮರ ಹತ್ತುವವರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ, ಈ ಹೋಲಿಕೆಯನ್ನು ಯಾವ ಪೋಷಕರಿಗೂ ಬಿಡಿಸಿ ಹೇಳಬೇಕಿಲ್ಲ.

ಈಗ ನನಗೆ ನಿಜವಾಗಿ ಕಷ್ಟ ಕೊಟ್ಟ ಎರಡು ಪದಗಳಿಗೆ ಬರುತ್ತೇನೆ.

ಸ್ವೀಡನ್ನಿನ ಸಂಸತ್ತು 1997ರ ಅಕ್ಟೋಬರಿನಲ್ಲಿ ‘ವಿಷನ್ ಝೀರೋ’ ಎಂಬ ನೀತಿಯನ್ನು ಒಪ್ಪಿತು. ರಸ್ತೆಯಲ್ಲಿ ಯಾರೂ ಸಾಯಬಾರದು, ಯಾರಿಗೂ ತೀವ್ರ ಗಾಯವಾಗಬಾರದು. ಮನುಷ್ಯ ತಪ್ಪುತ್ತಾನೆ ಎಂಬುದನ್ನು ಒಪ್ಪಿಕೊಂಡೇ ರಸ್ತೆ ಕಟ್ಟಬೇಕು. ಆ ಹೊಣೆ ಕಟ್ಟುವವರ ಮೇಲೂ ಇದೆ. ಅಲ್ಲಿ ಮೂರು ಪಥದ ರಸ್ತೆಗಳ ನಡುವೆ ಉಕ್ಕಿನ ತಂತಿಯ ತಡೆ ಹಾಕಿದರು, ಎದುರಿನಿಂದ ಬರುವ ವಾಹನಕ್ಕೆ ಹೋಗಿ ಬಡಿಯುವ ಸಾಧ್ಯತೆಯನ್ನೇ ಕಿತ್ತುಹಾಕಿದರು. ನಮ್ಮಲ್ಲಿಯೂ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 198ಎ ಕಲಮು ಸೇರಿ, ವಿನ್ಯಾಸದ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯಕ್ಕೆ ಕಾರಣರಾದವರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದೆಂದಾಯಿತು. ಇರಲಿ, ಪದಕ್ಕೆ ಬರೋಣ. ‘ಶೂನ್ಯ ದೃಷ್ಟಿ’ ಎಂದರೆ ಕನ್ನಡದಲ್ಲಿ ದಿಕ್ಕುತೋಚದೆ ಎಲ್ಲೋ ನೋಡುವ ನೋಟ. ‘ದೃಷ್ಟಿಶೂನ್ಯ’ವಂತೂ ಬೇಡವೇ ಬೇಡ. ‘ಸಾವಿಲ್ಲದ ರಸ್ತೆ’ ಎಂದು ಬರೆದುಕೊಂಡಿದ್ದೇನೆ. ಸಾವಿಲ್ಲದ ಮನೆಯ ಸಾಸಿವೆಯ ಕಥೆ ಗೊತ್ತಿರುವವರು ಇದು ಆಗದ ಮಾತು ಎಂದುಕೊಳ್ಳುವರೇನೋ ಎಂಬ ಅಳುಕು ಮಾತ್ರ ಇದೆ. ಸಾವಿಲ್ಲದ ಮನೆ ಸಿಗಲಾರದು, ಸಾವಿಲ್ಲದ ರಸ್ತೆಯನ್ನು ಮಾತ್ರ ಕಟ್ಟಬಹುದು ಎಂದು ಅದೇ ಪುಟದಲ್ಲಿ ಬರೆಯಲೇ?

ಎರಡನೆಯದು, ತಪ್ಪಿದವರನ್ನು ಕೊಲ್ಲದ ರಸ್ತೆ. ಇಂಗ್ಲಿಷಿನವರು ಇದಕ್ಕೆ ಕ್ಷಮೆಯ ಪದವನ್ನು ಬಳಸುತ್ತಾರೆ. ‘ಕ್ಷಮಾಶೀಲ ರಸ್ತೆ’ ಎಂದರೆ ರಸ್ತೆ ಋಷಿಯಾಗಿಬಿಡುತ್ತದೆ. ‘ತಪ್ಪು ನುಂಗುವ ರಸ್ತೆ’ ಎನ್ನೋಣವೆಂದರೆ ನಮ್ಮ ಪತ್ರಿಕೆಗಳಲ್ಲಿ ರಸ್ತೆ ನುಂಗುವುದು ಜೀವಗಳನ್ನು. ‘ತಾಳಿಕೆಯ ರಸ್ತೆ’ ಎಂದರೆ ಹತ್ತು ಮಳೆಗಾಲ ಬಾಳುವ ರಸ್ತೆ ಎಂದಾಗುತ್ತದೆ. ವಿವರಣೆಯಲ್ಲಿ ‘ನಮ್ಮ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ರಸ್ತೆ’ ಎಂದು ಬರೆದಿದ್ದೇನೆ, ಓದಿದವರಿಗೆ ಹಿಡಿಸಿದೆ. ಆದರೆ ಶೀರ್ಷಿಕೆಗೆ ಅದು ಉದ್ದವಾಯಿತು. ‘ಸೈರಣೆಯ ರಸ್ತೆ’ ಆದೀತೇ?

ಇದರ ಜೊತೆಯದು, ವಾಹನದ ವೇಗವನ್ನು ತಾನೇ ತಗ್ಗಿಸುವ ರಸ್ತೆ: ದಾಟುವಲ್ಲಿ ಕಿರಿದಾಗುವುದು, ಎತ್ತರಿಸಿದ ದಾಟುದಾರಿ, ಸುತ್ತಿಯೇ ಹೋಗಬೇಕಾದ ವೃತ್ತ. (ನಮ್ಮಲ್ಲಿ ವೃತ್ತವೇ ಇಲ್ಲದ ಜಂಕ್ಷನ್‌ಗೂ ಸರ್ಕಲ್ ಎಂದು ಹೆಸರು.) ಇದಕ್ಕೆ ಪದ ಹುಡುಕುವಾಗ ನೆನಪಾದದ್ದು ಅಜ್ಜನ ತೋಟದ ತಡಮೆ. ಬೇಲಿಯ ನಡುವೆ ಮನುಷ್ಯರು ಕಾಲೆತ್ತಿ ದಾಟಬಹುದಾದ, ದನ ನುಗ್ಗಲಾಗದ ದಾರಿ ಅದು. ‘ದನಗಳೇ, ಒಳಗೆ ಬರಬೇಡಿ’ ಎಂದು ಅಜ್ಜ ಫಲಕ ಹಾಕಿರಲಿಲ್ಲ, ತಡಮೆ ಕಟ್ಟಿದ್ದರು. ಶಾಲೆಯ ಎದುರು ಹೆದ್ದಾರಿಗೆ ಬೇಕಾದದ್ದು ಅದೇ: ಮಗು ದಾಟಬೇಕು, 80ರ ವೇಗ ದಾಟಬಾರದು. ‘ವೇಗತಡಮೆ’ ಎಂದು ಬರೆಯಲು ಕೈ ತುಡಿಯುತ್ತಿದೆ. ಘಟ್ಟದ ಮೇಲಿನವರಿಗೆ ತಿಳಿಯದು ಎಂಬ ಸಂಕೋಚ ಹಿಡಿದೆಳೆಯುತ್ತಿದೆ.

ಕರಡು ಈ ತಿಂಗಳ ಕೊನೆಗೆ ಅಚ್ಚಿಗೆ ಹೋಗಬೇಕು. ತಡಮೆಗೆ ಕುಂದಾಪುರ, ಕಾರ್ಕಳದ ಕಡೆ, ಮಲೆನಾಡಿನಲ್ಲಿ, ಬಯಲುಸೀಮೆಯಲ್ಲಿ ಏನೆನ್ನುತ್ತೀರಿ? ದನ ತಡೆದು ಜನ ಬಿಡುವ ಅದೇ ವಸ್ತುವಿನ ಹೆಸರು ಬೇಕು, ಬರಿಯ ಗೇಟಿನದಲ್ಲ. ‘ಸೈರಣೆಯ ರಸ್ತೆ’ಗೆ ಬದಲು ಹೊಳೆದರೆ ಅದನ್ನೂ ಬರೆಯಿರಿ.