ಶ್ರೀಲಂಕಾಕ್ಕೆ ಸೇನೆ ಹೋದದ್ದರ ಬಗ್ಗೆ ನಮ್ಮ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ವಾಸು ಚಿಕ್ಕಪ್ಪ (ಫಾರ್ವರ್ಡ್): ಭಾರತದ ಸೇನೆ ಗಡಿ ದಾಟಿದಾಗಲೆಲ್ಲ ನೆರೆಯ ದೇಶ ನಮ್ಮ ಮಾತು ಕೇಳಿದೆ. 1971ರಲ್ಲಿ ಬಾಂಗ್ಲಾದೇಶ, 1987ರಲ್ಲಿ ಶ್ರೀಲಂಕಾ, 1988ರಲ್ಲಿ ಮಾಲ್ಡೀವ್ಸ್. ಹೆಮ್ಮೆಯಿದ್ದರೆ ಹತ್ತು ಜನರಿಗೆ ಕಳುಹಿಸಿ.

ವಾಸು ಚಿಕ್ಕಪ್ಪ: ಎಲ್ಲರೂ ಓದಲೇಬೇಕಾದ ಬರಹವಿದು. ನೆರೆಯವರು ಚೀನಾದ ಕಡೆಗೆ ವಾಲುತ್ತಿರುವುದು ನಾವು ಮೆತ್ತಗಾದದ್ದರಿಂದಲೇ ಎಂದು ನಾನು ಎಷ್ಟೋ ವರ್ಷಗಳಿಂದ ಹೇಳುತ್ತಿದ್ದೇನೆ.

ಮಾಲತಿ: ಚಿಕ್ಕಪ್ಪ, ಇದನ್ನು ಬರೆದವರು ಯಾರು, ಯಾವ ಆಧಾರದ ಮೇಲೆ ಬರೆದಿದ್ದಾರೆ? 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ, ನಮ್ಮ ಸೇನೆ ಅಲ್ಲಿಗೆ ಹೋಗಲು ಕಾರಣವಾದ ಒಪ್ಪಂದಕ್ಕೆ ಕೊಲಂಬೊದಲ್ಲಿ ಸಹಿ ಹಾಕಿದರು. ಮರುದಿನವೇ ಗೌರವರಕ್ಷೆಯ ಸಾಲಿನಲ್ಲಿ ನಿಂತಿದ್ದ ಶ್ರೀಲಂಕಾದ ನಾವಿಕನೊಬ್ಬ ಬಂದೂಕಿನ ಹಿಡಿಯಿಂದ ನಮ್ಮ ಪ್ರಧಾನಿಯನ್ನು ಹೊಡೆದ. ನಮ್ಮ ಮಾತು ಕೇಳಿದ ದೇಶ ಎಂದು ಅದನ್ನು ಹೇಗೆ ಕರೆಯುವುದು?

ಶಾಮಣ್ಣ ದೊಡ್ಡಪ್ಪ: ಮಾಲತಿ, ಆ ನೆಲದಲ್ಲಿ ನಮ್ಮ ಸುಮಾರು 1,200 ಯೋಧರು ಪ್ರಾಣ ಕೊಟ್ಟಿದ್ದಾರೆ. ಮೇಜರ್ ರಾಮಸ್ವಾಮಿ ಪರಮೇಶ್ವರನ್ ಅವರಿಗೆ ಮರಣೋತ್ತರ ಪರಮವೀರ ಚಕ್ರ ಬಂದದ್ದು ಅಲ್ಲಿಯ ಹೋರಾಟಕ್ಕಾಗಿ. ಅಂಥ ವಿಷಯವನ್ನು ಎತ್ತಿದಾಗ ಮೊದಲು ತಲೆಬಾಗಬೇಕು, ಪ್ರಶ್ನೆಗಳನ್ನು ಆಮೇಲೆ ಕೇಳಬಹುದು. ಹಿರಿಯರಿಗೆ ಎಲ್ಲರೆದುರು ಪುರಾವೆ ಕೇಳುವುದು ನಮ್ಮ ಮನೆಯ ಪದ್ಧತಿಯಲ್ಲ.

ಮಾಲತಿ: ದೊಡ್ಡಪ್ಪ, ಅವರ ತ್ಯಾಗಕ್ಕೆ ತಲೆಬಾಗುತ್ತೇನೆ, ಅವರನ್ನು ಏಕೆ ಕಳುಹಿಸಲಾಯಿತು ಎಂದು ಕೇಳಬೇಕಾದದ್ದೂ ಅದಕ್ಕೇ. 1987ರ ಜೂನ್ 4ರಂದು ನಮ್ಮ ವಾಯುಪಡೆ ಕೊಲಂಬೊದ ಒಪ್ಪಿಗೆಯಿಲ್ಲದೆ ಉತ್ತರ ಲಂಕೆಯ ತಮಿಳರ ನಗರ ಜಾಫ್ನಾದ ಮೇಲೆ ಆಹಾರಸಾಮಗ್ರಿ ಉದುರಿಸಿತು, ಮತ್ತು ಎರಡು ತಿಂಗಳೊಳಗೆ ಒಪ್ಪಂದವಾಯಿತು. ಜಯವರ್ಧನೆ ಮನಸಾರೆ ಕರೆದರೆಂದು ನನಗೆ ಅನ್ನಿಸುವುದಿಲ್ಲ. ತಮಿಳು ಉಗ್ರರಿಂದ ಶಸ್ತ್ರ ಕೆಳಗಿಡಿಸಲು ಹೋದ ಶಾಂತಿಪಾಲನಾ ಪಡೆ, ಹಿಂದೆ ನಮ್ಮ ನೆಲದಲ್ಲೇ ತರಬೇತಿ ಪಡೆದಿದ್ದ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ವಿರುದ್ಧ ಅಕ್ಟೋಬರ್‌ನಲ್ಲಿ ಪೂರ್ಣ ಯುದ್ಧಕ್ಕೆ ಇಳಿಯಬೇಕಾಯಿತು. ನಮ್ಮ ಸೈನಿಕರು ನುಗ್ಗಿದಾಗ ಜಾಫ್ನಾ ಆಸ್ಪತ್ರೆಯಲ್ಲಿ ಸತ್ತ ರೋಗಿಗಳನ್ನೂ ಸಿಬ್ಬಂದಿಯನ್ನೂ ಅಲ್ಲಿಯ ತಮಿಳರು ಇಂದಿಗೂ ಮರೆತಿಲ್ಲ. ದಕ್ಷಿಣದಲ್ಲಿ ಸಿಂಹಳೀಯರ ಎಡಪಂಥೀಯ ಪಕ್ಷ ಜೆವಿಪಿ ನಮ್ಮ ಸೇನೆಯ ಇರುವಿಕೆಯನ್ನೇ ಮುಂದಿಟ್ಟು ದಂಗೆಯೆಬ್ಬಿಸಿತು. ಜಯವರ್ಧನೆಯ ನಂತರ ಬಂದ ಪ್ರೇಮದಾಸ, 1989ರ ಜುಲೈ ಮುಗಿಯುವುದರೊಳಗೆ ಹೊರಡಿ ಎಂದದ್ದಲ್ಲದೆ, ನಮ್ಮ ವಿರುದ್ಧ ಹೋರಾಡಲು ಎಲ್‌ಟಿಟಿಇಗೆ ಶಸ್ತ್ರಗಳನ್ನೂ ಕೊಡಿಸಿದರು. ಪರಸ್ಪರ ಕೊಲ್ಲುತ್ತಿದ್ದ ಎರಡು ಪಕ್ಷಗಳು ನಮ್ಮನ್ನು ಹೊರಹಾಕಲು ಒಂದಾದವು. ಕೊನೆಯ ತುಕಡಿ 1990ರ ಮಾರ್ಚ್ 24ರಂದು ಮರಳಿತು.

ಕಿಟ್ಟಣ್ಣ: 1991ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೋಣನಕುಂಟೆಯ ಮನೆಯಲ್ಲಿ ರಾಜೀವ್ ಗಾಂಧಿ ಹತ್ಯೆಯ ಸಂಚುಗಾರ ಶಿವರಾಸನ್ ಮತ್ತು ಸಂಗಡಿಗರು ಶವವಾಗಿ ಸಿಕ್ಕಾಗ ನಾವೆಲ್ಲ ಬನಶಂಕರಿಯ ಅಜ್ಜಿಮನೆಯಲ್ಲಿದ್ದೆವು. ಅಜ್ಜ ಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದದ್ದು, ನಮ್ಮನ್ನು ಆಡಲು ಹೊರಗೆ ಬಿಡದೆ ಜಗಲಿಯಲ್ಲಿ ಕೂರಿಸಿದ್ದು ಯಾರಿಗಾದರೂ ನೆನಪಿದೆಯೇ?

ಸರೋಜತ್ತೆ: ನೆನಪಿಲ್ಲದೆ ಏನು! ಅಂದು ವಾಸು ಮಾತ್ರ ಯಾರ ಮಾತೂ ಕೇಳದೆ ಸೈಕಲ್ ಹತ್ತಿ ಹೋಗಿದ್ದ.

ವಾಸು ಚಿಕ್ಕಪ್ಪ: ಅಕ್ಕ, ಅದು ಈಗ ಬೇಡ. ಮಾಲತಿ, ನೀನು ಪ್ರತಿ ಸಲವೂ ಹೀಗೆಯೇ. 2024ರ ಜನವರಿಯಲ್ಲಿ ಮಾಲ್ಡೀವ್ಸ್ ಪ್ರವಾಸ ರದ್ದುಮಾಡೋಣ ಎಂದಾಗಲೂ ನನ್ನೆದುರು ನಿಂತವಳು ನೀನೇ. ಸೇನೆಯೇ ಹೋಗಬಾರದೆಂದು ನಿನ್ನ ವಾದವೇ?

ಮಾಲತಿ: ಅಲ್ಲ, ಚಿಕ್ಕಪ್ಪ. 1988ರ ನವೆಂಬರ್ 3ರಂದು ದಂಗೆಗೆ ಸಿಕ್ಕಿದ್ದ ಮಾಲ್ಡೀವ್ಸ್ ಅಧ್ಯಕ್ಷ ಗಯೂಮ್ ಕೇಳಿದ್ದರಿಂದ ನಮ್ಮ ಪ್ಯಾರಾ ಸೈನಿಕರು ಅದೇ ರಾತ್ರಿ ರಾಜಧಾನಿ ಮಾಲೆಗೆ ಇಳಿದರು. ಕೆಲಸ ಸಣ್ಣದಿತ್ತು, ಬೇಗ ಮುಗಿಯಿತು. ಬಾಂಗ್ಲಾದಲ್ಲಿ ಜನರೇ ಹೋರಾಟಕ್ಕೆ ಇಳಿದಿದ್ದರು, ನಮ್ಮ ಸೇನೆ 1972ರ ಮಾರ್ಚ್‌ನಲ್ಲಿ ಮರಳಿತು. ಹಾಗಿದ್ದೂ 1975ರಲ್ಲಿ ಅಲ್ಲಿಯ ನಾಯಕ ಮುಜೀಬರ ಹತ್ಯೆಯಾದ ಮೇಲೆ ಢಾಕಾದ ವಿದೇಶಾಂಗ ನೀತಿ ನಮ್ಮಿಂದ ದೂರ ಸರಿಯಿತು. ಮಾಲ್ಡೀವ್ಸ್‌ನಲ್ಲಿಯೂ ಭಾರತದ ಸೈನಿಕರು ಹೊರಡಬೇಕೆಂಬ ಘೋಷಣೆಯೊಂದಿಗೆ ಮುಯಿಜ್ಜು 2023ರ ಅಧ್ಯಕ್ಷ ಚುನಾವಣೆಯಲ್ಲಿ ಗೆದ್ದರು. ಅಲ್ಲಿದ್ದವರು ನೂರಕ್ಕಿಂತ ಕಡಿಮೆ ಜನ, ಬಹುಪಾಲು ಹೆಲಿಕಾಪ್ಟರ್ ಮತ್ತು ವಿಮಾನ ನೋಡಿಕೊಳ್ಳುವವರು.

ಕಿಟ್ಟಣ್ಣನ ನೆನಪು ವಿಷಯಕ್ಕೆ ಹೊರತಲ್ಲ. ಎಲ್‌ಟಿಟಿಇಯ ಶಿವರಾಸನ್ ತಂಡ ರಾಜೀವ್ ಗಾಂಧಿಯವರನ್ನು ಕೊಂದದ್ದು ಈ ಮಧ್ಯಪ್ರವೇಶದ ಮುಂದುವರಿಕೆಯೇ. ಆ ಹತ್ಯೆಯ ನಂತರ ದೆಹಲಿ 1992ರಲ್ಲಿ ಎಲ್‌ಟಿಟಿಇಯನ್ನು ನಿಷೇಧಿಸಿತು, ಲಂಕೆಯ ವಿಷಯದಲ್ಲಿ ಹೆಜ್ಜೆಹೆಜ್ಜೆಗೂ ಹಿಂಜರಿಯತೊಡಗಿತು. 2000ದಲ್ಲಿ ಜಾಫ್ನಾಕ್ಕೆ ಹೋಗುವ ದಾರಿಯ ಸೇನಾನೆಲೆ ಎಲಿಫೆಂಟ್ ಪಾಸ್ ಎಲ್‌ಟಿಟಿಇ ವಶವಾಗಿ ಜಾಫ್ನಾದಲ್ಲಿ ಲಂಕೆಯ ಸಾವಿರಾರು ಸೈನಿಕರು ಸಿಕ್ಕಿಬಿದ್ದಾಗ ಕೊಲಂಬೊ ನೆರವು ಕೇಳಿತು, ವಾಜಪೇಯಿ ಸರ್ಕಾರ ಸೇನೆ ಕಳುಹಿಸಲು ಒಪ್ಪಲಿಲ್ಲ. 2006ರಿಂದ 2009ರ ಕೊನೆಯ ಯುದ್ಧದಲ್ಲಿಯೂ, ತಮಿಳುನಾಡಿನ ಒತ್ತಡವೂ ಸೇರಿದ್ದರಿಂದ, ನಾವು ರೇಡಾರ್ ಕೊಟ್ಟೆವೇ ಹೊರತು ದಾಳಿಯ ಶಸ್ತ್ರ ಕೊಡಲಿಲ್ಲ. ಚೀನಾ ಮತ್ತು ಪಾಕಿಸ್ತಾನ ಕೊಟ್ಟವು. ಲಂಕೆಯ ಹಂಬನ್‌ತೋಟ ಬಂದರು 2017ರಲ್ಲಿ 99 ವರ್ಷಗಳ ಗುತ್ತಿಗೆಗೆ ಚೀನಾದ ಕಂಪನಿಗೆ ಹೋದದ್ದಕ್ಕೆ ಸಾಲ, ರಾಜಪಕ್ಸ ಕುಟುಂಬದ ರಾಜಕಾರಣ ಮುಂತಾದ ಬೇರೆ ಕಾರಣಗಳೂ ಇವೆ. ಆದರೆ ನೀವು ಮೆತ್ತಗಾದದ್ದು ಎಂದು ಕರೆಯುವ ಹಿಂಜರಿಕೆ ಹುಟ್ಟಿದ್ದೇ ಈ ಫಾರ್ವರ್ಡ್ ಕೊಂಡಾಡುವ 1987ರಿಂದ.

ವಾಸು ಚಿಕ್ಕಪ್ಪ: ಹಾಗಾದರೆ ಅವರನ್ನು ಮತ್ತೆ ನಮ್ಮ ಕಡೆಗೆ ತಿರುಗಿಸುವುದು ಯಾವುದು?

ಮಾಲತಿ: 2022ರಲ್ಲಿ ಲಂಕೆ ದಿವಾಳಿಯಾದಾಗ ಭಾರತ ಸಾಲ, ಇಂಧನ, ಔಷಧ ಸೇರಿ ಸುಮಾರು 400 ಕೋಟಿ ಡಾಲರ್ ನೆರವು ನೀಡಿತು. 2024ರ ಅಕ್ಟೋಬರ್‌ನಲ್ಲಿ ಮುಯಿಜ್ಜು ತಾವೇ ದೆಹಲಿಗೆ ಬಂದು 40 ಕೋಟಿ ಡಾಲರ್‌ಗಳ ಕರೆನ್ಸಿ ವಿನಿಮಯ ಒಪ್ಪಂದ ಮಾಡಿಕೊಂಡರು.

ಶಾಮಣ್ಣ ದೊಡ್ಡಪ್ಪ: ವಾಸು, ಸತ್ತ ಯೋಧರ ಬಗ್ಗೆ ಒಂದು ಸಾಲೂ ಇಲ್ಲದೆ ಹೆಮ್ಮೆಪಡಿ ಎನ್ನುವ ಬರಹವನ್ನು ನಾನು ಯಾರಿಗೂ ಕಳುಹಿಸುವುದಿಲ್ಲ. ಮಾಲತಿ, ನೀನು ಹೇಳಿದ್ದು ಸರಿಯಿರಬಹುದು, ಹೇಳಿದ ಧಾಟಿಯನ್ನು ನಾನು ಒಪ್ಪುವುದಿಲ್ಲ.

ವಾಸು ಚಿಕ್ಕಪ್ಪ: ಅಣ್ಣ, ಬಾಂಗ್ಲಾದೇಶ ಮತ್ತು ಮಾಲ್ಡೀವ್ಸ್ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಶ್ರೀಲಂಕಾದ ಬಗ್ಗೆ ನಾಳೆ ಉತ್ತರಿಸುತ್ತೇನೆ.