ಗನ್ ಹಾಕಿ ಟೈಟ್ ಮಾಡಿದ ವೀಲ್ ನಟ್ ಬಿಚ್ಚೋಕೆ ಹೋಗಿ ಸ್ಟಡ್ಡೇ ಮುರೀತು, ಮುಂದೇನು?

ಮೂಡಿಗೆರೆ_ಕಾಫಿ:
ಎಲ್ರಿಗೂ ನಮಸ್ಕಾರ. ಭಾನುವಾರ ಧರ್ಮಸ್ಥಳದಿಂದ ವಾಪಸ್ ಬರ್ತಾ ಚಾರ್ಮಾಡಿ ಘಾಟಿ ಹತ್ತುವಾಗ ಹಿಂದಿನ ಎಡಗಡೆ ಟೈರ್ ಪಂಕ್ಚರ್ ಆಯ್ತು. ವ್ಯಾಗನ್ ಆರ್, ವೀಲಿಗೆ 4 ನಟ್. ಸ್ಟೆಪ್ನಿ ಹಾಕೋದು ನಂಗೆ ಹೊಸದೇನಲ್ಲ, ಆದ್ರೆ ಅವತ್ತು ಕಾರಿನ ಜೊತೆ ಬಂದಿರೋ ಪಾನಾ ಹಾಕಿ ಎಷ್ಟು ಜಗ್ಗಿದ್ರೂ ಒಂದು ನಟ್ಟೂ ಮಿಸುಕಲಿಲ್ಲ, ಪಾನಾ ಮೇಲೆ ಹತ್ತಿ ನಿಂತ್ರೂ ಇಲ್ಲ. ಜಿಟಿಜಿಟಿ ಮಳೆ, ಮಂಜು, ಕಾರೊಳಗೆ ಅಮ್ಮ, 4 ವರ್ಷದ ಮಗಳು. ಮುಕ್ಕಾಲು ಗಂಟೆ ಆದ್ಮೇಲೆ ಒಬ್ರು ಪಿಕಪ್ ಓಡಿಸೋ ಅಣ್ಣ ನಿಲ್ಲಿಸಿ ಪಾನಾಗೆ ಉದ್ದದ ಪೈಪ್ ಸಿಕ್ಕಿಸಿ ಬಿಚ್ಚಿಕೊಟ್ರು. ಮೂರು ಕಿರ್ರ್ ಅಂತ ಬಿಟ್ಟುಕೊಂಡ್ವು, ನಾಲ್ಕನೇದು ಟಪ್ ಅಂತ ಅರ್ಧ ಸ್ಟಡ್ (ನಟ್ ಹತ್ತಿಸೋ ಥ್ರೆಡ್ ಇರೋ ಕಡ್ಡಿ) ಸಮೇತ ಅವ್ರ ಕೈಗೆ ಬಂತು.

ಹಿಂದಿನ ವಾರ ತಾನೇ ಒಂದು ಟೈರ್ ಅಂಗಡೀಲಿ ರೊಟೇಷನ್ (ಟೈರುಗಳ ಜಾಗ ಅದಲುಬದಲು) ಮಾಡಿಸಿದ್ದೆ, ಹುಡುಗ ಏರ್ ಗನ್ (ಗಾಳಿ ಒತ್ತಡದಿಂದ ನಟ್ ತಿರುಗಿಸೋ ಯಂತ್ರ) ಇಟ್ಟು ಒಂದೊಂದು ನಟ್ಟಿಗೂ ನಾಲ್ಕೈದು ಸೆಕೆಂಡ್ ಹೊಡೆದಿದ್ದ. ಆವತ್ತಿಂದ 80ರಲ್ಲಿ ಬ್ರೇಕ್ ಒತ್ತಿದ್ರೆ ಸ್ಟೇರಿಂಗ್ ನಡುಗತ್ತೆ. ಅದಕ್ಕೂ ಇದಕ್ಕೂ ಸಂಬಂಧ ಇದ್ಯಾ? 3 ನಟ್ಟಲ್ಲಿ ಎಷ್ಟು ದಿನ ಓಡಿಸಬಹುದು?

ಹುಬ್ಬಳ್ಳಿ_ಗ್ಯಾರೇಜ್:
ಅಕ್ಕಾರ, 3 ನಟ್ ಮ್ಯಾಲೆ ದಿನಾ ಓಡ್ಸೂದು ಬ್ಯಾಡ್ರಿ. ಹತ್ತಿರದ ಗ್ಯಾರೇಜಿಗೆ ನಿಧಾನ ಹೋಗ್ರಿ, ಅಷ್ಟ. ಒಂದು ಮುರದೈತಿ ಅಂದ್ರ ಉಳಿದ ಮೂರಕ್ಕೂ ಅಷ್ಟ ಜಗ್ಗ ಬಿದ್ದೈತಿ, ಆ ವೀಲಿಂದು ನಾಕೂ ಸ್ಟಡ್ ಬದಲಿ ಮಾಡಸ್ರಿ, ನಟ್ಟೂ ಹೊಸಾವ ಹಾಕಸ್ರಿ. ಉಳಿದ ವೀಲ್ ನೋಡೂದು ಹೆಂಗಂದ್ರ, ಒಂದೊಂದ ನಟ್ ಬಿಚ್ಚಿ ಥ್ರೆಡ್ ಬಟ್ಟಿಲೆ ಒರಸಿ ನಟ್ ಬರೇ ಬೆರಳಿಲೆ ತಿರಗಸ್ರಿ. ಕಡೀತನಕ ಸಲೀಸ ಹೋತಂದ್ರ ಛಲೋ ಐತಿ. ನಡುವ ಒಂದ ಜಾಗಾದಾಗ ಹಿಡದ್ರ ಅಲ್ಲಿ ಸ್ಟಡ್ ಜಗ್ಗಿ ಉದ್ದ ಆಗೇತಿ, ಥ್ರೆಡ್ ನಡುವಿನ ಸಂದು ಹಿಗ್ಗೇತಿ ಅಂತ. ಕಣ್ಣಿಟ್ಟು ನೋಡಿದ್ರ ಆ ಜಾಗಾ ಒಮ್ಮೊಮ್ಮೆ ಸೊಂಟ ಸಣ್ಣಾದಂಗ ಕಾಣತೈತಿ. ಅಂಥಾದ್ದು ಇಟ್ಕೋಬ್ಯಾಡ್ರಿ.

ಟಾರ್ಕ್_ತುಮಕೂರು:
ಸ್ಟೇರಿಂಗ್ ನಡುಗೋದಕ್ಕೂ ಸಂಬಂಧ ಇರೋ ಸಾಧ್ಯತೆ ಜಾಸ್ತಿ ಅಕ್ಕ. ಸ್ಟಡ್ ಅನ್ನೋದು ಒಂಥರಾ ಸ್ಪ್ರಿಂಗ್, ನಟ್ ತಿರುಗಿಸಿದ್ರೆ ಅದು ಕೂದಲೆಳೆಯಷ್ಟು ಹಿಗ್ಗತ್ತೆ, ವಾಪಸ್ ಕುಗ್ಗೋಕೆ ಎಳೆಯೋ ಆ ಬಲನೇ ವೀಲನ್ನ ಹಬ್ಬಿಗೆ (ವೀಲ್ ಕೂರೋ ನಡುವಿನ ತಿರುಗೋ ಭಾಗಕ್ಕೆ) ಅಮುಕಿ ಹಿಡಿಯೋದು. ಮಿತಿ ಮೀರಿ ಎಳೆದ್ರೆ ಅದು ಹಿಗ್ಗಿದ ಹಾಗೇ ಉಳಿದುಬಿಡತ್ತೆ, ವಾಪಸ್ ಬರಲ್ಲ. ಮುಂದಿನ ವೀಲಲ್ಲಿ ಡಿಸ್ಕ್ ಇರೋದು ವೀಲಿಗೂ ಹಬ್ಬಿಗೂ ನಡುವೆ, ಒಂದು ನಟ್ ಸಿಕ್ಕಾಪಟ್ಟೆ ಇನ್ನೊಂದು ಕಮ್ಮಿ ಟೈಟ್ ಇದ್ರೆ ಡಿಸ್ಕ್ ಚೂರು ಓರೆಯಾಗಿ ಕೂತು ಬ್ರೇಕ್ ಹಾಕಿದಾಗ ನಡುಗತ್ತೆ. ಬೇಗ ಸರಿ ಮಾಡಿಸಿ, ಹಾಗೇ ಓಡಿಸ್ತಾ ಹೋದ್ರೆ ಡಿಸ್ಕ್ ಒಂದೊಂದು ಕಡೆ ಒಂದೊಂದು ದಪ್ಪಕ್ಕೆ ಸವೀತದೆ, ಆಮೇಲೆ ನಟ್ ಸರಿ ಮಾಡಿದ್ರೂ ನಡುಕ ಹೋಗಲ್ಲ.

ಲೆಕ್ಕ ನೋಡಿ, ಚಿಕ್ಕ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಟಾರ್ಕ್ (ನಟ್ ತಿರುಗಿಸೋ ಬಲ) ಸಾಕು, ನಿಮ್ಮ ಗಾಡಿಯ ಸರಿಯಾದ ನಂಬರ್ ಕಾರಿನ ಮ್ಯಾನುಯಲ್ಲಲ್ಲಿ ಇರತ್ತೆ. 70 ಕೆಜಿ ಮನುಷ್ಯ 30 ಸೆಂಟಿಮೀಟರ್ ಪಾನಾದ ತುದೀಲಿ ನಿಂತ್ರೇನೇ 200 ದಾಟತ್ತೆ. ದೊಡ್ಡ ಗನ್ನು 400, 500ಕ್ಕೂ ಹೋಗತ್ತೆ. ಇನ್ನೊಂದು, ಥ್ರೆಡ್ಡಿಗೆ ಎಣ್ಣೆ ಗ್ರೀಸ್ ಬಳಿಯೋ ಅಭ್ಯಾಸ ಕೆಲವರಿಗಿದೆ, ದಯವಿಟ್ಟು ಬೇಡ, ಜಾರಿಕೆ ಜಾಸ್ತಿ ಆಗಿ ಅದೇ ಟಾರ್ಕಿಗೆ ಸ್ಟಡ್ ಇನ್ನೂ ಹೆಚ್ಚು ಎಳೆದುಕೊಳ್ಳತ್ತೆ.

ಟೈರ್_ಅಂಗಡಿ_ಹಾಸನ:
ನಾನೂ ಟೈರ್ ಅಂಗಡಿಯವನೇ. ತಪ್ಪು ಗನ್ನಿಂದಲ್ಲ ಮೇಡಂ, ಅದರಲ್ಲೇ ಕೊನೇವರೆಗೂ ಹೊಡೆಯೋದು ತಪ್ಪು. ನಮ್ಮಲ್ಲಿ ಮೊದಲು ನಟ್ ಕೈಯಲ್ಲೇ ಹತ್ತಿಸ್ತೀವಿ, ಗನ್ ಕಮ್ಮಿ ಸೆಟ್ಟಿಂಗಲ್ಲಿಟ್ಟು ಕೂರಿಸ್ತೀವಿ ಅಷ್ಟೇ, ಜಾಕ್ ಇಳಿಸಿ ಟೈರ್ ನೆಲಕ್ಕೆ ತಾಗಿದ್ಮೇಲೆ ಟಾರ್ಕ್ ರೆಂಚಲ್ಲಿ (ಸೆಟ್ ಮಾಡಿದ ಬಲ ಬಂದಾಗ ಕಟಕ್ ಅನ್ನೋ ಪಾನಾ) ಎದುರುಬದುರು ನಟ್ ಹಿಡಿದು ಎರಡು ಸುತ್ತಲ್ಲಿ ಟೈಟ್ ಮಾಡ್ತೀವಿ. ಕಟಕ್ ಅಂದ ತಕ್ಷಣ ನಿಲ್ಲಿಸ್ಬೇಕು, ಇರ್ಲಿ ಅಂತ ಇನ್ನೊಂದು ಎಳೆತ ಎಳೀಬಾರ್ದು. ನಿಮ್ಮ ಊರಿನ ಅಂಗಡೀಲಿ ರೆಂಚ್ ಇಲ್ದಿದ್ರೆ ಕೊನೇ ಟೈಟ್ ಕಾರಿನ ಪಾನಾದಲ್ಲೇ ಕೈಯಿಂದ ಮಾಡಿ ಅಂತ ಪಕ್ಕದಲ್ಲಿ ನಿಂತು ಹೇಳಿ. ಹಾಗಂತ ಹೆದರಿ ಸಡಿಲ ಬಿಡಬೇಡಿ, ಸಡಿಲ ಇದ್ರೆ ವೀಲೇ ಕಳಚಿ ಹೋಗತ್ತೆ. 50ರಿಂದ 100 ಕಿಮೀ ಓಡಿಸಿದ್ಮೇಲೆ ಒಂದ್ಸಲ ಚೆಕ್ ಮಾಡಿ.

ಮೂಡಿಗೆರೆ_ಕಾಫಿ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಗ್ಯಾರೇಜಲ್ಲಿ ಆ ವೀಲಿನ 4 ಸ್ಟಡ್ಡೂ ಬದಲಾಯಿಸಿದ್ರು. ಹುಬ್ಬಳ್ಳಿ ಅಣ್ಣ ಹೇಳಿದ ಹಾಗೆ ಬೆರಳಲ್ಲಿ ತಿರುಗಿಸಿ ನೋಡಿದ್ರೆ ಮುಂದಿನ ಬಲಗಡೆ ಎರಡು ನಟ್ ಅರ್ಧಕ್ಕೇ ಹಿಡಿದುಕೊಂಡ್ವು, ಅದೂ ಬದಲಾಯ್ತು. ನಾಲ್ಕೂ ವೀಲ್ ಸಡಿಲ ಮಾಡಿ ಮ್ಯಾನುಯಲ್ ನೋಡಿ ಮತ್ತೆ ಟೈಟ್ ಮಾಡಿಸಿದೆ. ನಡುಕ ಮುಕ್ಕಾಲು ಭಾಗ ಹೋಗಿದೆ, ಪೂರ್ತಿ ಇಲ್ಲ. ಮಂಗಳವಾರ ಡಿಸ್ಕ್ ಅಳತೆ ತೆಗೀತಾರೆ, ಏನಂದ್ರು ಅಂತ ಇಲ್ಲೇ ಬರೀತೀನಿ.