‘ಅಪುರ್ ಪಾಂಚಾಲಿ’ ತೋರಿಸುವ ಮೊದಲು ಅಪು ತ್ರಿವಳಿಯಲ್ಲಿ ಏನೇನು ನೋಡಿರಬೇಕು?

ಚಿತ್ರವಾರ:

ನಮ್ಮ ಸಿನಿಮಾ ಬಳಗದಲ್ಲಿ ಕೌಶಿಕ್ ಗಂಗೂಲಿ ಅವರ ಬಂಗಾಳಿ ಚಿತ್ರ ‘ಅಪುರ್ ಪಾಂಚಾಲಿ’ ಹಾಕುವ ಯೋಚನೆ ಇದೆ. ‘ಪಥೇರ್ ಪಾಂಚಾಲಿ’ಯಲ್ಲಿ ಪುಟ್ಟ ಅಪು ಆಗಿದ್ದು, ಆಮೇಲೆ ತೆರೆಯಿಂದ ಮರೆಯಾದ ಸುಬೀರ್ ಬ್ಯಾನರ್ಜಿ ಅವರ ನಂತರದ ಬದುಕನ್ನು ಆಧರಿಸಿದ ಚಿತ್ರ. ಬರುವವರಲ್ಲಿ ಅರ್ಧ ಜನ ಸತ್ಯಜಿತ್ ರೇ ಅವರ ತ್ರಿವಳಿ, ಅಂದರೆ ಅಪುವಿನ ಬದುಕಿನ ಮೂರು ಚಿತ್ರ (‘ಪಥೇರ್ ಪಾಂಚಾಲಿ’, ‘ಅಪರಾಜಿತೋ’, ‘ಅಪುರ್ ಸಂಸಾರ್’), ನೋಡಿಲ್ಲ. ಮೂರನ್ನೂ ತೋರಿಸಲು ಸಮಯವಿಲ್ಲ. ಕೇಳಬೇಕಿರುವುದು ಇಷ್ಟು: ಯಾವ ಭಾಗ ನೋಡಿದ್ದರೆ ಸಾಕು? ಚಿತ್ರದಲ್ಲಿ ನಿಜವೆಷ್ಟು, ಕಲ್ಪನೆಯೆಷ್ಟು? ಚರ್ಚೆಯ ನಡುವೆ ತ್ರಿವಳಿಯ ತುಣುಕು ಹಾಕಿ, ಅದರ ವಿಡಿಯೊ ಅಂತರ್ಜಾಲಕ್ಕೂ ಏರಿಸಿದರೆ ತಕರಾರು ಬರುತ್ತದೆಯೇ?

ಹಳೇರೀಲು:

ಮೂರೂ ಸೇರಿದರೆ ಸುಮಾರು 5 ಗಂಟೆ 40 ನಿಮಿಷ (ಅನುಕ್ರಮವಾಗಿ 125, 110, 106 ನಿಮಿಷ). ಒಂದನ್ನೇ ಆರಿಸುವುದಾದರೆ ಎಲ್ಲರೂ ‘ಪಥೇರ್ ಪಾಂಚಾಲಿ’ಗೆ ಕೈ ಹಾಕುತ್ತಾರೆ. ನನ್ನ ಆಯ್ಕೆ 1959ರ ‘ಅಪುರ್ ಸಂಸಾರ್’. ಹುಡುಗ ಸ್ವತಃ ಇರುವುದು ಮೊದಲನೆಯದರಲ್ಲೇ, ಒಪ್ಪಿದೆ. ಆದರೆ ಕೌಶಿಕ್ ಕಥೆ ಹೆಣೆದಿರುವುದು ದೊಡ್ಡವನಾದ ಸುಬೀರನ ಮದುವೆ, ಮನೆ, ಸಾವುನೋವುಗಳ ಸುತ್ತ. ಅವಕ್ಕೆ ಪಡಿನೆಳಲಾಗಿ ನಿಲ್ಲುವುದು ದೊಡ್ಡ ಅಪು ಮತ್ತು ಅವನ ಹೆಂಡತಿಯಾಗಿ ಸೌಮಿತ್ರ ಚಟರ್ಜಿ, ಶರ್ಮಿಳಾ ಟ್ಯಾಗೋರ್ ಅವರ ದೃಶ್ಯಗಳು. ಅದನ್ನು ನೋಡದವರಿಗೆ ‘ಅಪುರ್ ಪಾಂಚಾಲಿ’ ಒಬ್ಬ ಸಾಧಾರಣ ಗೃಹಸ್ಥನ ಕಷ್ಟಕಾರ್ಪಣ್ಯದ ಕಥೆಯಾಗಿ ಮುಗಿದುಬಿಡುತ್ತದೆ.

ಉಳಿದ ಎರಡರಿಂದ ಇವಿಷ್ಟನ್ನು ತೋರಿಸಿ.

‘ಪಥೇರ್ ಪಾಂಚಾಲಿ’ (1955): ಹರಿದ ಹೊದಿಕೆಯ ಕಿಂಡಿಯಿಂದ ಅಪುವಿನ ಕಣ್ಣು ಮೊದಲು ಕಾಣುವ ಗಳಿಗೆ, ಬಿಳಿ ಹೂಬಿಡುವ ಕಾಶ್ ಹುಲ್ಲಿನ ಬಯಲಿನಲ್ಲಿ ರೈಲು, ಮತ್ತೆ ಕೊನೆಯ ಅರ್ಧ ಗಂಟೆ. ಅಕ್ಕ ದುರ್ಗಾ ತೀರಿಕೊಂಡ ಮೇಲೆ ಅಪು ಹೊರಡುವಾಗ ಮೋಡ ನೋಡಿ, ತಿರುಗಿ ಒಳಗೆ ಹೋಗಿ ಕೊಡೆ ತರುತ್ತಾನಲ್ಲ, ಆ ಶಾಟ್ ತಪ್ಪಿಸಬೇಡಿ. ಹುಡುಗ ಒಂದೇ ದಿನದಲ್ಲಿ ದೊಡ್ಡವನಾದದ್ದು ಅಲ್ಲಿ ಮಾತೇ ಇಲ್ಲದೆ ಗೊತ್ತಾಗುತ್ತದೆ.

‘ಅಪರಾಜಿತೋ’ (1956): ಕಾಶಿಯಲ್ಲಿ ಅಪ್ಪ ಹರಿಹರನ ಸಾವು, ಒಮ್ಮೆಲೇ ಹಾರುವ ಪಾರಿವಾಳಗಳು, ಅಮ್ಮ ಸರ್ವಜಯಾಳ ಕೊನೆಯ ರಾತ್ರಿಯ ಮಿಂಚುಹುಳುಗಳು. ಇಲ್ಲಿ ಅಪು ಪಾತ್ರದಲ್ಲಿರುವುದು ಸುಬೀರ್ ಅಲ್ಲ. ಬಾಲಕನಾಗಿ ಪಿನಾಕಿ ಸೇನ್‌ಗುಪ್ತ, ಹದಿಹರೆಯದಲ್ಲಿ ಸ್ಮರಣ್ ಘೋಷಾಲ್. ಇದನ್ನು ಬಂದವರಿಗೆ ಮೊದಲೇ ಹೇಳಿಬಿಡಿ, ಇಲ್ಲವಾದರೆ ಚರ್ಚೆಯಲ್ಲಿ ಅರ್ಧ ಸಮಯ ‘ಅದೇ ಹುಡುಗನಾ?’ ಅನ್ನುವುದರಲ್ಲೇ ಹೋಗುತ್ತದೆ.

ಕತ್ತರಿಮೇಜು:

ಮೇಲಿನ ಪಟ್ಟಿಗೆ ನನ್ನ ತಕರಾರಿಲ್ಲ. ತಾಂತ್ರಿಕ ಬದಿಯಿಂದ ಒಂದೆರಡು ಮಾತು.

ತ್ರಿವಳಿಯ ಚೌಕಟ್ಟು (ಅಗಲಕ್ಕೆ ಎತ್ತರದ ಅನುಪಾತ) 1.37:1, ಹೆಚ್ಚುಕಡಿಮೆ ಚೌಕ. ಇಂದಿನ ಚಿತ್ರಗಳ ಚೌಕಟ್ಟು ಅಗಲ. ಹಳೆಯ ತುಣುಕನ್ನು 1.85:1ರಲ್ಲಿ ಅಂಚಿನಿಂದ ಅಂಚಿಗೆ ತುಂಬಿಸಿದರೆ ಎತ್ತರದಲ್ಲಿ ಸುಮಾರು 26 ಶೇಕಡಾ ಹೋಗುತ್ತದೆ, 2.35:1ರಲ್ಲಿ ಸುಮಾರು 42 ಶೇಕಡಾ. ಅಂದರೆ ಮಕ್ಕಳ ತಲೆಯ ಮೇಲಿನ ಆಕಾಶವೂ ಕಾಲಡಿಯ ನೆಲವೂ ಮಾಯ. ತುಣುಕು ತೋರಿಸುವಾಗ ಪ್ರೊಜೆಕ್ಟರಿನ ‘ಫಿಲ್’ ಅಥವಾ ‘ಝೂಮ್’ ಆಯ್ಕೆ ತೆಗೆದು, ಎಡಬಲಕ್ಕೆ ಕಪ್ಪು ಪಟ್ಟಿ ಬರುವಂತೆ ಇಡಿ. ‘ಸ್ಟ್ರೆಚ್’ ಅಂತೂ ಬೇಡವೇ ಬೇಡ, ದುರ್ಗಾ ಕುಳ್ಳಿಯಾಗಿ ಕಾಣುತ್ತಾಳೆ.

ಎರಡನೆಯದು ಕಪ್ಪುಬಿಳುಪು. ‘ಅಪುರ್ ಪಾಂಚಾಲಿ’ಯಲ್ಲಿ ವೃದ್ಧ ಸುಬೀರನ ವರ್ತಮಾನ ಬಣ್ಣದಲ್ಲಿದೆ, ಯೌವನದ ಹಿನ್ನೋಟ ಕಪ್ಪುಬಿಳುಪಿನಲ್ಲಿದೆ. ಅದರ ಪಕ್ಕದಲ್ಲೇ ರೇ ಅವರ ತುಣುಕುಗಳೂ ಬರುವುದರಿಂದ ಹೊಸ ಕಪ್ಪುಬಿಳುಪು ಹಳೆಯದರ ಎದುರು ಪರೀಕ್ಷೆಗೆ ನಿಲ್ಲುತ್ತದೆ. ಬಣ್ಣ ಕಿತ್ತುಬಿಟ್ಟರೆ ಕಪ್ಪುಬಿಳುಪು ಆಗುವುದಿಲ್ಲ. ಬಣ್ಣದಲ್ಲಿ ಬೇರೆಬೇರೆಯಾಗಿ ಕಾಣುವ ಕೆಂಪು ಸೀರೆ, ಹಸಿರು ಗೋಡೆ ಎರಡೂ ಒಂದೇ ಬೂದು ಬಣ್ಣವಾಗಿ ಕಲಸಿಹೋಗಬಹುದು. ಅದಕ್ಕೇ ಬಟ್ಟೆ, ಗೋಡೆಗಳನ್ನು ಬಣ್ಣ ನೋಡಿ ಆರಿಸದೆ ಬೂದು ಬಣ್ಣದ ಹಂತ ನೋಡಿ ಆರಿಸಬೇಕು. ಬೆಳಕಿನದು ಇನ್ನೊಂದು ಕಷ್ಟ. ‘ಅಪರಾಜಿತೋ’ದ ಕಾಶಿ ಮನೆಯ ಸೆಟ್ಟಿಗೆ ಛಾಯಾಗ್ರಾಹಕ ಸುಬ್ರತ ಮಿತ್ರ ಮೇಲೆ ಬಿಳಿ ಬಟ್ಟೆ ಕಟ್ಟಿ, ಅದಕ್ಕೆ ದೀಪ ಹಾಯಿಸಿ, ಮರಳಿ ಬಂದ ಮೆದು ಬೆಳಕಿನಲ್ಲಿ ಚಿತ್ರೀಕರಿಸಿದರು. ಅಂಗಳಕ್ಕೆ ಬಿದ್ದ ಹಗಲಿನಂತೆಯೇ ಅದಕ್ಕೂ ನೆರಳಿನ ಗಡುಸು ಗೆರೆಯಿಲ್ಲ. ಅದರ ಪಕ್ಕದಲ್ಲಿ ನೇರ ದೀಪದ ಒಂದು ಶಾಟ್ ಇಟ್ಟರೂ ಕಣ್ಣಿಗೆ ಚುಚ್ಚುತ್ತದೆ. ಪ್ರದರ್ಶನದಲ್ಲಿ ಹೊಸ ಮತ್ತು ಹಳೆಯ ಒಳಾಂಗಣ ದೃಶ್ಯಗಳನ್ನು ಇದೊಂದೇ ಪ್ರಶ್ನೆ ಇಟ್ಟುಕೊಂಡು ನೋಡಲು ಹೇಳಿ.

ಮತ್ತೊಂದು. ತ್ರಿವಳಿಯ ಮೂಲ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಲ್ಯಾಬೊಂದರ ಬೆಂಕಿಯಲ್ಲಿ ಹಾಳಾದವು. 4ಕೆ (ಅತಿ ನಿಚ್ಚಳ ಡಿಜಿಟಲ್) ಪುನರುಜ್ಜೀವನ ಹೊರಬಂದದ್ದು 2015ರಲ್ಲಿ. ‘ಅಪುರ್ ಪಾಂಚಾಲಿ’ ಅದಕ್ಕೂ ಮೊದಲಿನದು. ಆದ್ದರಿಂದ ಚರ್ಚೆಗೆ ನೀವು 2015ರ ಪ್ರತಿ ತಂದರೆ, ಚಿತ್ರದೊಳಗಿನ ತುಣುಕು ಮಂಕು, ನಿಮ್ಮದು ನಿಚ್ಚಳ ಎನ್ನುವ ವ್ಯತ್ಯಾಸ ಎದ್ದು ಕಾಣುತ್ತದೆ. ಅದನ್ನು ನಿರ್ದೇಶಕರ ಉದ್ದೇಶವೆಂದು ಯಾರೂ ವ್ಯಾಖ್ಯಾನ ಮಾಡದಿರಲಿ!

ಹಳೇರೀಲು:

ನಿಜ ಮತ್ತು ಕಲ್ಪನೆಯ ಪ್ರಶ್ನೆ ಬಾಕಿ ಉಳಿದಿತ್ತು.

ಪುಟ್ಟ ಅಪುವಿನ ಪಾತ್ರಕ್ಕೆ ಸುಬೀರ್ ಸಿಕ್ಕ ಬಗೆ ದಾಖಲಾಗಿದೆ. ಐದರಿಂದ ಏಳು ವರ್ಷದ ಹುಡುಗರು ಬೇಕೆಂದು ರೇ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಬಂದವರಲ್ಲಿ ಒಬ್ಬನೂ ಹಿಡಿಸಲಿಲ್ಲ. ಕೊನೆಗೆ ಪಕ್ಕದ ಮನೆಯ ತಾರಸಿಯ ಮೇಲೆ ಆಡುತ್ತಿದ್ದವನನ್ನು ಗುರುತಿಸಿದ್ದು ಪತ್ನಿ ಬಿಜೊಯಾ. ಮೊದಲ ದಿನದ ಚಿತ್ರೀಕರಣ 1952ರ ಅಕ್ಟೋಬರ್ 27ರಂದು, ಅದೇ ಕಾಶ್ ಹುಲ್ಲಿನ ಬಯಲಿನಲ್ಲಿ. ಅಕ್ಕನನ್ನು ಹುಡುಕುತ್ತ ಅಪು ನಡೆದುಬರಬೇಕು, ಅಷ್ಟೇ. ಸುಬೀರ್ ಕವಾಯತಿನವನಂತೆ ನೆಟ್ಟಗೆ ನಡೆದ. ರೇ ದಾರಿಯಲ್ಲಿ ಅಲ್ಲಲ್ಲಿ ಕಡ್ಡಿಗಳನ್ನಿಟ್ಟು ದಾಟಿ ಬರಲು ಹೇಳಿದರು. ಹುಲ್ಲಿನೊಳಗೆ ಸಹಾಯಕರನ್ನು ಕೂರಿಸಿ, ಬೇರೆಬೇರೆ ಕಡೆಯಿಂದ ಗೊತ್ತಾದ ಹೊತ್ತಿಗೆ ಕೂಗಿಸಿದರು. ಹುಡುಗ ತಡವರಿಸಿದ, ನಿಂತ, ತಿರುಗಿ ನೋಡಿದ. ತೆರೆಯ ಮೇಲೆ ಅದು ಹುಡುಕಾಟ. ಮುಂದಿನ ವಾರ ತಂಡ ಮರಳಿ ಬರುವಷ್ಟರಲ್ಲಿ ದನಗಳು ಹೂವೆಲ್ಲ ಮೇಯ್ದಿದ್ದವು, ಉಳಿದ ಭಾಗಕ್ಕೆ ಇನ್ನೊಂದು ಋತು ಕಾಯಬೇಕಾಯಿತು. ಹಣ ಮುಗಿದು ಚಿತ್ರೀಕರಣ ನಿಂತುನಿಂತು ಸಾಗಿ, ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರದ ದುಡ್ಡಿನಿಂದ ಮುಗಿದ ಚಿತ್ರ. ಅಷ್ಟು ವರ್ಷದಲ್ಲಿ ಹುಡುಗನ ಗಂಟಲು ಒಡೆಯದೆ ಇದ್ದದ್ದೇ ದೊಡ್ಡದು.

ಇದನ್ನು ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ನೀವು ಕಾರ್ಯಕ್ರಮಕ್ಕೆ ‘ಅರಳುವ ಮುನ್ನ ಬಾಡಿದ ಪ್ರತಿಭೆ’ ಅಂತ ಕರಪತ್ರ ಅಚ್ಚು ಹಾಕಿಸಿದರೆ ಚಿತ್ರಕ್ಕೂ ಅನ್ಯಾಯ, ಮನುಷ್ಯನಿಗೂ ಅನ್ಯಾಯ. ಆ ಮುಖದ ಬೆರಗು ಬಹುಮಟ್ಟಿಗೆ ರೇ ಕಟ್ಟಿದ್ದು. ಸುಬೀರ್ ಮತ್ತೆ ನಟಿಸಲಿಲ್ಲ. ಕೌಶಿಕ್ ಅವರ ಕುತೂಹಲ ಇರುವುದು ಬೇರೆ ಕಡೆ: ಜಗತ್ತೆಲ್ಲ ಬಲ್ಲ ಒಂದು ಪಾತ್ರದ ಮುಂದಿನ ಕಥೆ, ಆ ಪಾತ್ರ ಮಾಡಿದವನ ಮನೆಯಲ್ಲೇ ನಡೆಯತೊಡಗಿದರೆ? ರೇ ಬಳಗದ ಎಲ್ಲ ಮಕ್ಕಳೂ ಹೀಗೆ ಮರೆಯಾಗಲಿಲ್ಲ ಅನ್ನುವುದೂ ನೆನಪಿರಲಿ. ‘ಸೋನಾರ್ ಕೆಲ್ಲಾ’ದ (1974) ಮುಕುಲ್ ಆಗಿದ್ದ ಕುಶಲ್ ಚಕ್ರವರ್ತಿ ದೊಡ್ಡವರಾದ ಮೇಲೂ ನಟರಾಗಿ ಉಳಿದರು.

ಚಿತ್ರದ ಚೌಕಟ್ಟಿನ ಕಥೆ, ಅಂದರೆ ಜರ್ಮನಿಯಿಂದ ಬಂದ ಆಹ್ವಾನವನ್ನು ಹಿಡಿದು ಸಿನಿಮಾ ಕಲಿಯುವ ಅರ್ಕೊ ಎಂಬ ಹುಡುಗ ಮುದುಕನನ್ನು ಹುಡುಕಿಕೊಂಡು ಬರುವುದು, ಹೇಳುವುದಕ್ಕೆ ಹೂಡಿದ ತಂತ್ರವೆಂದೇ ತಿಳಿದು ನೋಡಿ. ಯುವ ಸುಬೀರ್ ಪರಂಬ್ರತ ಚಟರ್ಜಿ, ವೃದ್ಧ ಸುಬೀರ್ ಅರ್ಧೇಂದು ಬ್ಯಾನರ್ಜಿ, ಅರ್ಕೊ ಗೌರವ್ ಚಕ್ರವರ್ತಿ. ನನಗೆ ಚಿತ್ರದ ಬಲ ಅರ್ಧೇಂದು ಅವರ ಮುನಿಸಿನಲ್ಲಿದೆ. ‘ನೀವೇ ಅಪು ಅಲ್ಲವೇ’ ಅನ್ನುವ ಉತ್ಸಾಹವನ್ನು ಆ ಮುದುಕ ಸುಲಭಕ್ಕೆ ಬಳಿ ಬಿಟ್ಟುಕೊಳ್ಳುವುದಿಲ್ಲ. ಸೋಲುವುದು ಹೋಲಿಕೆ ಅತಿಯಾದ ಕಡೆ. ಪ್ರೇಕ್ಷಕ ತಾನೇ ಕಂಡುಕೊಂಡಾಗಿರುತ್ತದೆ, ಆಮೇಲೂ ಹಳೆಯ ತುಣುಕು ಬಂದು ಅದನ್ನೇ ಹೇಳುತ್ತದೆ. 2013ರ ಗೋವಾ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಕೌಶಿಕ್ ಅವರಿಗೆ ಅತ್ಯುತ್ತಮ ನಿರ್ದೇಶಕರ ಬೆಳ್ಳಿ ನವಿಲು ಬಂತು. ಚಿತ್ರಮಂದಿರಕ್ಕೆ ಬಂದದ್ದು 2014ರಲ್ಲಿ.

ಕರಾರುಪತ್ರ:

ತುಣುಕಿನ ವಿಷಯ. ಭಾರತದ ಕೃತಿಸ್ವಾಮ್ಯ ಕಾಯ್ದೆ (1957) ಪ್ರಕಾರ ಚಲನಚಿತ್ರದ ಹಕ್ಕು, ಬಿಡುಗಡೆಯಾದ ಮರುವರ್ಷದ ಜನವರಿಯಿಂದ 60 ವರ್ಷ. ಹಾಗೆ ಲೆಕ್ಕ ಹಾಕಿದರೆ ‘ಪಥೇರ್ ಪಾಂಚಾಲಿ’ಯದು 2015ರ ಕೊನೆಗೆ, ‘ಅಪರಾಜಿತೋ’ದು 2016ಕ್ಕೆ, ‘ಅಪುರ್ ಸಂಸಾರ್’ನದು 2019ಕ್ಕೆ ಮುಗಿಯಿತು. ಕೌಶಿಕ್ ಚಿತ್ರ ಮಾಡುವಾಗ ಮೂರರ ಹಕ್ಕೂ ಜೀವಂತವಿತ್ತು.

ಮುಗಿಯಿತು ಅಂದಾಕ್ಷಣ ಕೈ ಹಾಕಬೇಡಿ. ಎಡವುವುದು ಇಲ್ಲೇ. ಚಿತ್ರಕಥೆ, ಸಂಗೀತ ಪ್ರತ್ಯೇಕ ಕೃತಿಗಳು. ಅವುಗಳ ಅವಧಿ ಬರೆದವರ ನಿಧನದ ನಂತರದ 60 ವರ್ಷ. ರೇ ತೀರಿಕೊಂಡದ್ದು 1992ರಲ್ಲಿ, ಸಂಗೀತ ಕೊಟ್ಟ ರವಿಶಂಕರ್ 2012ರಲ್ಲಿ. ಪುನರುಜ್ಜೀವನಗೊಂಡ ಪ್ರತಿಯನ್ನು ಡಿಸ್ಕಿನಿಂದ ತೆಗೆದರೆ ಅದನ್ನು ಹೊರತಂದವರ ಷರತ್ತುಗಳು ಬೇರೆ. ವಿದೇಶದಲ್ಲಿ ಅವಧಿಯ ಲೆಕ್ಕವೂ ಬೇರೆ. ವಿಡಿಯೊ ಅಂತರ್ಜಾಲಕ್ಕೆ ಹೋದರೆ ಹಾಡು, ವಾದ್ಯ ಗುರುತಿಸುವ ಯಂತ್ರ ಹಿನ್ನೆಲೆ ಸಂಗೀತವನ್ನೇ ಮೊದಲು ಹಿಡಿಯುತ್ತದೆ. ವಿಮರ್ಶೆಗಾಗಿ ಸ್ವಲ್ಪ ಬಳಸುವುದಕ್ಕೆ 52ನೇ ಕಲಮಿನಲ್ಲಿ ಅವಕಾಶವಿದೆ. ತುಣುಕು ಚಿಕ್ಕದಿರಲಿ, ಅದರ ಮೇಲೆ ನೀವು ಮಾತಾಡುತ್ತಿರುವುದು ಕೇಳಿಸಲಿ, ಸುಮ್ಮನೆ ಮನರಂಜನೆಗೆ ಓಡಿಸಬೇಡಿ.

‘ಅಪುರ್ ಪಾಂಚಾಲಿ’ ಪೂರ್ತಿ ಹಾಕಲು ಮಾತ್ರ ನಿರ್ಮಾಪಕರ ಅಥವಾ ವಿತರಕರ ಲಿಖಿತ ಒಪ್ಪಿಗೆ ಬೇಕು. ಟಿಕೆಟ್ ಇಲ್ಲ, ಉಚಿತ ಅನ್ನುವುದು ರಕ್ಷಣೆಯಾಗುವುದಿಲ್ಲ. ಮನೆಯ ಚಂದಾದಾರಿಕೆಯಿಂದ ಸಭಾಂಗಣದಲ್ಲಿ ಹಾಕುವುದು ಚಂದಾ ಕರಾರಿಗೂ ವಿರುದ್ಧ. ಪತ್ರದಲ್ಲಿ ದಿನಾಂಕ, ಸ್ಥಳ, ಆಸನಗಳ ಸಂಖ್ಯೆ, ಎಷ್ಟು ಪ್ರದರ್ಶನ, ಯಾವ ಮಾಧ್ಯಮದ ಪ್ರತಿ ಎಂದೆಲ್ಲ ಬರೆಯಿರಿ. ಉಪಶೀರ್ಷಿಕೆ ಪ್ರತಿಯಲ್ಲೇ ಇದೆಯೇ, ಪ್ರತ್ಯೇಕ ಕಡತವೇ ಎನ್ನುವುದನ್ನು ಆಗಲೇ ಕೇಳಿ.

ಚಿತ್ರವಾರ:

ಧನ್ಯವಾದ. ಹಾಗಾದರೆ ಹಿಂದಿನ ವಾರ ‘ಅಪುರ್ ಸಂಸಾರ್’ ಪೂರ್ತಿ, ಪ್ರದರ್ಶನದ ದಿನ ಬೆಳಿಗ್ಗೆ ಉಳಿದೆರಡರ ಆಯ್ದ ಭಾಗ, ಮಧ್ಯಾಹ್ನ ಚಿತ್ರ. ಇನ್ನೊಂದು ಪ್ರಶ್ನೆ: ಬಳಗದ ಒಬ್ಬರು ಇಂಥದೇ ಒಬ್ಬ ಹಳೆಯ ಬಾಲನಟರ ಮೇಲೆ ಕಿರುಚಿತ್ರ ಮಾಡುವ ಹುಮ್ಮಸ್ಸಿನಲ್ಲಿದ್ದಾರೆ. ಆ ನಟರ ಒಪ್ಪಿಗೆ ಬೇಕೇ ಬೇಕಾ?

ಕರಾರುಪತ್ರ:

ಸಾರ್ವಜನಿಕ ದಾಖಲೆಯಲ್ಲಿ ಇರುವಷ್ಟನ್ನು ಒಪ್ಪಿಗೆಯಿಲ್ಲದೆ ಬಳಸಬಹುದು, ಅದನ್ನು ದಾಟಿ ಖಾಸಗಿ ಬದುಕಿಗೆ ಹೋದರೆ ಹೊಣೆ ನಿಮ್ಮದು. 1994ರ ಆರ್. ರಾಜಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಕಿದ ಗೆರೆ ಅದು. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ತೀರ್ಪಾದ ಮೇಲೆ ಆ ಗೆರೆ ಇನ್ನೂ ಗಟ್ಟಿ. ಬಾಲನಟ ನಟಿಸಿದ ವರ್ಷ, ಚಿತ್ರ, ಪ್ರಶಸ್ತಿ ದಾಖಲೆ. ಮದುವೆ, ಕಾಯಿಲೆ, ಮನೆಯ ಜಗಳ ಯಾವುದೂ ಅಲ್ಲ.

ಹಾಗಾಗಿ ಒಪ್ಪಿಗೆಯನ್ನು ಬರವಣಿಗೆಯಲ್ಲಿ, ಚಿತ್ರಕಥೆ ಮುಗಿಯುವ ಮೊದಲೇ ಪಡೆಯಿರಿ. ಹೆಸರು ಬಳಸಬಹುದೇ, ಕಲ್ಪಿತ ದೃಶ್ಯ ಸೇರಿಸಬಹುದೇ, ಯಾವ ವಿಷಯ ಮುಟ್ಟಕೂಡದು, ಅಂತಿಮ ಪ್ರತಿ ಅವರಿಗೆ ತೋರಿಸುವಿರೇ, ಹಣವೆಷ್ಟು, ಅಂತರ್ಜಾಲದಲ್ಲಿ ಬಿಡಬಹುದೇ ಎಂಬುದೆಲ್ಲ ಅದರಲ್ಲಿ ಬಿಡಿಬಿಡಿಯಾಗಿ ಇರಲಿ. ಕಥೆಯಲ್ಲಿ ಬರುವ ಹೆಂಡತಿ, ಮಕ್ಕಳು, ಒಡಹುಟ್ಟಿದವರ ಒಪ್ಪಿಗೆ ಪ್ರತ್ಯೇಕ ಬೇಕು. ಒಬ್ಬರ ಸಹಿ ಇನ್ನೊಬ್ಬರನ್ನು ಕಟ್ಟಿಹಾಕುವುದಿಲ್ಲ. ಬಾಲ್ಯದ ಪಾತ್ರಕ್ಕೆ ಹುಡುಗನನ್ನು ಹಾಕುವುದಾದರೆ ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮಗಳನ್ನೂ ನೋಡಿಕೊಳ್ಳಲಿ: ಜಿಲ್ಲಾಧಿಕಾರಿಯ ಪೂರ್ವಾನುಮತಿ, ದಿನಕ್ಕೆ 5 ಗಂಟೆಗಿಂತ ಹೆಚ್ಚಿಲ್ಲ, ಬಿಡುವಿಲ್ಲದೆ 3 ಗಂಟೆ ದಾಟುವಂತಿಲ್ಲ, ಸಂಭಾವನೆಯ ಕನಿಷ್ಠ 20 ಶೇಕಡಾ ಮಗುವಿನ ಹೆಸರಿನ ಠೇವಣಿಗೆ. ಅನುಮತಿಗೆ ಮೊದಲೇ ಅರ್ಜಿ ಹಾಕಲಿ. ಚಿತ್ರೀಕರಣದ ದಿನ ಗೊತ್ತುಮಾಡಿದ ಮೇಲೆ ಓಡಾಡಿದರೆ ಕ್ಯಾಮೆರಾ ಬಾಡಿಗೆ ಸುಮ್ಮನೆ ದಂಡ.